ಹಳೆಯ ಎಲ್‌ಪಿ ಕವರ್‌ಗಳ ಬೆಡಗು: ಓದುಗರ ಪ್ರಶ್ನೆಗಳಿಗೆ ಉತ್ತರ

ಐವತ್ತು ಮತ್ತು ಅರವತ್ತರ ದಶಕಗಳಲ್ಲಿ ಅಮೆರಿಕ ಹಾಗೂ ಬ್ರಿಟನ್ನಿನಲ್ಲಿ ಹೊರಬಂದ ಎಲ್‌ಪಿ (ಲಾಂಗ್ ಪ್ಲೇ) ರೆಕಾರ್ಡುಗಳ ಕವರ್‌ಗಳನ್ನು ಕುರಿತು ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಲಾಗಿದೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿಕೊಂಡಿದ್ದೇವೆ.

ಪ್ರಶ್ನೆ: 'ಪ್ರಪಂಚದ ಅತಿ ಕೆಟ್ಟ ಆಲ್ಬಂ ಕವರ್‌ಗಳು' ಎಂಬ ಹೆಸರಿನಲ್ಲಿ ಹರಿದಾಡುವ ಚಿತ್ರಗಳನ್ನು ನೋಡಿ ನಾನೂ ನಕ್ಕಿದ್ದೇನೆ. ಆದರೆ ನಕ್ಕು ಮುಗಿದ ಮೇಲೂ ಅವು ಮನಸ್ಸನ್ನು ಬಿಟ್ಟು ಹೋಗುವುದಿಲ್ಲ. ಮತ್ತೆ ಹುಡುಕಿ ನೋಡಬೇಕೆನ್ನಿಸುತ್ತದೆ. ಕೆಟ್ಟದ್ದೆಂದು ಗೊತ್ತಿದ್ದೂ ಇಷ್ಟವಾಗುವುದು ಹೇಗೆ? ಅವನ್ನು ಮಾಡಿದವರು ತಮಾಷೆಗೆಂದೇ ಹಾಗೆ ಮಾಡಿದ್ದರೇ?

ಉತ್ತರ: ತಮಾಷೆಗೆಂದೇ ಮಾಡಿದ ಕವರ್‌ಗಳೂ ಇವೆ. ಆದರೆ ಬಹುಕಾಲ ನೆನಪಿನಲ್ಲಿ ಉಳಿಯುವವು ಸಾಮಾನ್ಯವಾಗಿ ಅವಲ್ಲ. ಮಾಡಿದವರು ಒಂದಿಷ್ಟೂ ನಗದೆ, ಇದ್ದ ಶಕ್ತಿಯನ್ನೆಲ್ಲ ಸುರಿದು ಮನಸಾರೆ ಮಾಡಿದ ಕವರ್‌ಗಳು. ಲೂವಿನ್ ಬ್ರದರ್ಸ್ ಎಂಬ ಅಣ್ಣತಮ್ಮಂದಿರ ಜೋಡಿ 1959ರಲ್ಲಿ ಹೊರತಂದ 'ಸೇಟನ್ ಈಸ್ ರಿಯಲ್' (ಸೈತಾನ ನಿಜ) ಎಂಬ ಭಕ್ತಿಗೀತೆಗಳ ರೆಕಾರ್ಡನ್ನೇ ತೆಗೆದುಕೊಳ್ಳಿ. ಬಿಳಿಯ ಸೂಟು ತೊಟ್ಟ ಇಬ್ಬರು ಗಾಯಕರು ಉರಿಯುವ ಬೆಂಕಿಯ ನಡುವೆ ನಿಂತಿದ್ದಾರೆ. ಅವರ ಹಿಂದೆ ಕೊಂಬುಗಳಿರುವ ಕೆಂಪು ಸೈತಾನ. ಆ ಸೈತಾನನನ್ನು ಕಲ್ಪಿಸಿದವರೂ ಕಟ್ಟಿದವರೂ ಅಣ್ಣ ಐರಾ ಲೂವಿನ್. ಹನ್ನೆರಡು ಅಡಿ ಎತ್ತರದ ಆ ಆಕೃತಿಯನ್ನು ಪ್ಲೈವುಡ್ಡಿನಲ್ಲಿ ಮಾಡಿ, ಒಂದು ಕಲ್ಲುಗಣಿಯಲ್ಲಿ ನಿಲ್ಲಿಸಿ, ಸೀಮೆಎಣ್ಣೆಯಲ್ಲಿ ತೋಯಿಸಿದ ಹಳೆಯ ಟೈರುಗಳಿಗೆ ಬೆಂಕಿ ಹಚ್ಚಿ ನರಕವನ್ನು ಸಿದ್ಧಪಡಿಸಲಾಯಿತು. ಚಿತ್ರ ತೆಗೆಯುವ ಹೊತ್ತಿಗೆ ಮಳೆ ಹನಿಯತೊಡಗಿತ್ತು, ಕಾದ ಕಲ್ಲುಗಳು ಸಿಡಿದು ಚೂರುಗಳು ಮೇಲಕ್ಕೆ ಹಾರುತ್ತಿದ್ದವು ಎಂದು ತಮ್ಮ ಚಾರ್ಲಿ ಲೂವಿನ್ ಎಷ್ಟೋ ವರ್ಷಗಳ ಬಳಿಕ ನೆನಪಿಸಿಕೊಂಡಿದ್ದಾರೆ.

ಇಂದು ನೋಡುವವರ ಕಣ್ಣಿಗೆ ಮೊದಲು ಬೀಳುವುದು ಪ್ಲೈವುಡ್ಡು. ಆದರೆ ಆ ಗಾಯಕರಿಗೆ ಸೈತಾನ ಇದ್ದದ್ದು ನಿಜ, ನರಕ ಇದ್ದದ್ದೂ ನಿಜ. ರೆಕಾರ್ಡಿನ ಹೆಸರೇ ಅದನ್ನು ಸಾರಿ ಹೇಳುತ್ತದೆ. ಹೇಳಬೇಕಾದ ಮಾತು ಅಷ್ಟು ದೊಡ್ಡದು, ಕೈಗೆ ಸಿಕ್ಕ ಸಾಮಗ್ರಿ ಇಷ್ಟು ಸಣ್ಣದು. ಈ ಅಂತರವೇ ನಮ್ಮನ್ನು ನಗಿಸುತ್ತದೆ, ಅದನ್ನು ಲೆಕ್ಕಿಸದೆ ಮುಂದುವರಿದ ಅವರ ಎದೆಗಾರಿಕೆ ನಮ್ಮನ್ನು ಮತ್ತೆ ಮತ್ತೆ ಅಲ್ಲಿಗೆ ಕರೆಯುತ್ತದೆ. ಅಮೆರಿಕದ ಲೇಖಕಿ ಸೂಸನ್ ಸಾಂಟಾಗ್ ಅವರು 'ಕ್ಯಾಂಪ್' ಎಂಬ, ಅತಿರೇಕವನ್ನೇ ಸವಿಯುವ ಅಭಿರುಚಿಯನ್ನು ಕುರಿತು 1964ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಬೇಕೆಂದೇ ಅತಿ ಮಾಡಿದ್ದಕ್ಕಿಂತ, ಗಂಭೀರವಾಗಿ ಹೊರಟು ಅತಿಯಾಗಿಬಿಟ್ಟದ್ದರಲ್ಲಿಯೇ ಅದರ ಅಪ್ಪಟ ರೂಪವಿದೆ ಎಂಬ ಅರ್ಥದ ಮಾತು ಹೇಳುತ್ತಾರೆ. ಲೂವಿನ್ ಸಹೋದರರ ಸೈತಾನನಿಗೆ ಆ ಮಾತು ಅಕ್ಷರಶಃ ಒಪ್ಪುತ್ತದೆ.

ಇದು ಕೈಯಲ್ಲಿ ಹಣವಿಲ್ಲದವರ ಕಥೆ ಮಾತ್ರವೆಂದು ಭಾವಿಸಬೇಡಿ. ಆಗಿನ ಹೆಸರಾಂತ ಗಾಯಕ ಫ್ರಾಂಕ್ ಸಿನಾತ್ರಾ ಅವರ 1958ರ 'ಓನ್ಲಿ ದ ಲೋನ್ಲಿ' ರೆಕಾರ್ಡಿನ ಕವರ್ ಮೇಲೆ ಅವರನ್ನು ಸರ್ಕಸ್ಸಿನ ವಿದೂಷಕನ ಬಣ್ಣ ಬಳಿದುಕೊಂಡ, ದುಃಖ ತುಂಬಿದ ಮುಖದಲ್ಲಿ ಚಿತ್ರಿಸಲಾಗಿದೆ. ಇಂದು ಅತಿರೇಕವೆನ್ನಿಸುವ ಈ ಕವರ್‌ಗೆ 1959ರಲ್ಲಿ ನಡೆದ ಮೊದಲ ಗ್ರ್ಯಾಮಿ ಸಮಾರಂಭದಲ್ಲಿ ಅತ್ಯುತ್ತಮ ಕವರ್ ಪ್ರಶಸ್ತಿ ಬಂತು. ಕಲಾನಿರ್ದೇಶಕರೆಂಬ ನೆಲೆಯಲ್ಲಿ ಅದನ್ನು ಪಡೆದವರು ಸ್ವತಃ ಸಿನಾತ್ರಾ.

ಪ್ರಶ್ನೆ: ರೆಕಾರ್ಡುಗಳಿಗೆ ಚಿತ್ರವಿರುವ ಕವರ್ ಯಾವಾಗ ಬಂತು? ಮೊದಲಿನಿಂದಲೂ ಇತ್ತೇ?

ಉತ್ತರ: ಇರಲಿಲ್ಲ. ಅರಗಿನಿಂದ ಮಾಡಿದ, ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಗಳ ಕಾಲದಲ್ಲಿ ಹತ್ತು ಅಂಗುಲದ ತಟ್ಟೆಯ ಒಂದು ಬದಿಗೆ ಸುಮಾರು ಮೂರು ನಿಮಿಷದ ಸಂಗೀತ ಮಾತ್ರ ಹಿಡಿಸುತ್ತಿತ್ತು. ಹೀಗಾಗಿ ದೀರ್ಘವಾದ ಕೃತಿಯೊಂದನ್ನು ಹಲವು ತಟ್ಟೆಗಳಲ್ಲಿ ಮುದ್ರಿಸಿ, ಅವನ್ನೆಲ್ಲ ಪುಸ್ತಕದಂತೆ ಹೊಲಿದ ದಪ್ಪ ರಟ್ಟಿನ ಚೀಲದಲ್ಲಿಟ್ಟು ಮಾರುತ್ತಿದ್ದರು. ರಟ್ಟಿನ ಬಣ್ಣ ಕಂದು ಇಲ್ಲವೇ ಬೂದು. ಮೇಲೆ ಕೃತಿಯ ಹೆಸರು, ಅಷ್ಟೆ.

ಇದನ್ನು ಬದಲಿಸಿದವರು ಅಲೆಕ್ಸ್ ಸ್ಟೈನ್‌ವೈಸ್. ಕೊಲಂಬಿಯಾ ರೆಕಾರ್ಡ್ಸ್ ಕಂಪನಿಗೆ 1939ರಲ್ಲಿ ಕಲಾನಿರ್ದೇಶಕರಾಗಿ ಸೇರಿದಾಗ ಅವರು ಇನ್ನೂ ಇಪ್ಪತ್ತರ ಆಸುಪಾಸಿನ ತರುಣ. ಈ ಮಂಕು ರಟ್ಟಿನ ಜಾಗದಲ್ಲಿ ಚಿತ್ರವಿದ್ದರೆ ಮಾರಾಟ ಹೆಚ್ಚುತ್ತದೆಂದು ಅವರು ಕಂಪನಿಯನ್ನು ಒಪ್ಪಿಸಿದರು. ರಾಜರ್ಸ್ ಮತ್ತು ಹಾರ್ಟ್ ಎಂಬ ರಂಗಗೀತೆಗಳ ಜೋಡಿಯ ಹಾಡುಗಳ ಸಂಗ್ರಹಕ್ಕೆ 1940ರಲ್ಲಿ ಮಾಡಿದ ಮೊದಲ ಕವರ್‌ಗಾಗಿ, ನ್ಯೂಯಾರ್ಕಿನ ನಾಟಕಮಂದಿರವೊಂದರ ಮುಂಭಾಗದ ದೀಪಫಲಕದಲ್ಲಿ ರೆಕಾರ್ಡಿನ ಹೆಸರನ್ನೇ ಜೋಡಿಸಿಸಿ ಫೋಟೋ ತೆಗೆಸಿದರು. ಇದೇ ಕೊಲಂಬಿಯಾ ಕಂಪನಿ 1948ರಲ್ಲಿ ನಿಮಿಷಕ್ಕೆ 33⅓ ಸುತ್ತು ತಿರುಗುವ ಎಲ್‌ಪಿಯನ್ನು ತಂದಾಗ, ಹಲವು ತಟ್ಟೆಗಳ ಸಂಗೀತ ಒಂದೇ ತಟ್ಟೆಗೆ ಬಂತು. ದಪ್ಪ ಪುಸ್ತಕದ ಬದಲು ತೆಳುವಾದ ರಟ್ಟಿನ ಲಕೋಟೆ ಸಾಕಾಯಿತು. ಮುದ್ರಿಸಿದ ಕಾಗದವನ್ನು ಅದರ ಮೇಲೆ ಅಂಟಿಸುವ ಪದ್ಧತಿಯನ್ನು ರೂಪಿಸಿದ್ದೂ ಸ್ಟೈನ್‌ವೈಸ್ ಅವರೇ. ಸುಮಾರು 31 ಸೆಂಟಿಮೀಟರ್ ಚೌಕದ ಈ ಜಾಗವೇ ಮುಂದಿನ ಎಲ್ಲ ಸಾಹಸಗಳಿಗೂ ರಂಗವಾಯಿತು.

ಪ್ರಶ್ನೆ: ವಾದ್ಯಸಂಗೀತದ ಹಳೆಯ ರೆಕಾರ್ಡುಗಳಲ್ಲಿ ವಾದ್ಯಗಾರರ ಚಿತ್ರವೇ ಇರುವುದಿಲ್ಲ. ಪಿಟೀಲು ಮೇಳವಿರಲಿ, ಆರ್ಗನ್ ಇರಲಿ, ಕವರ್ ಮೇಲೆ ಸೋಫಾಗೆ ಒರಗಿದ ಸುಂದರಿ, ಅರೆಬೆಳಕು, ಎರಡು ಮದ್ಯದ ಲೋಟ. ಸಂಗೀತಕ್ಕೂ ಇದಕ್ಕೂ ಏನು ಸಂಬಂಧ?

ಉತ್ತರ: ಆ ರೆಕಾರ್ಡುಗಳು ಮಾರುತ್ತಿದ್ದದ್ದು ಸಂಗೀತವನ್ನು ಮಾತ್ರವಲ್ಲ, ಒಂದು ಸಂಜೆಯನ್ನು. ಯುದ್ಧಾನಂತರದ ಅಮೆರಿಕದಲ್ಲಿ ಮಧ್ಯಮವರ್ಗದ ಮನೆಗಳಿಗೆ ಹೈ-ಫೈ ಎಂಬ, ಉತ್ತಮ ದನಿಯ ಸಂಗೀತ ಉಪಕರಣಗಳು ಬಂದವು. ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿದ ರೆಕಾರ್ಡುಗಳನ್ನು ಗಿರಾಕಿ ತಾನೇ ಒಂದೊಂದಾಗಿ ಸರಿಸಿ ಆರಿಸಿಕೊಳ್ಳುವ ರೂಢಿಯೂ ಬೆಳೆಯಿತು. ಮೇಳದ ಹೆಸರು ಆತನಿಗೆ ಗೊತ್ತಿಲ್ಲ, ತಟ್ಟೆಯನ್ನು ಕೇಳಿಯೂ ಇಲ್ಲ. ಕೈ ಮುಂದೆ ಸರಿಯದಂತೆ ಅದನ್ನು ಅಲ್ಲೇ ತಡೆಯುವ ಹೊಣೆಯೆಲ್ಲ ಕವರ್‌ನದು.

ಈ ಬಗೆಯ ಸಂಗೀತಕ್ಕೆ ದಾರಿ ತೆರೆದವರಲ್ಲಿ ಒಬ್ಬರು ಹಾಸ್ಯನಟ ಜಾಕಿ ಗ್ಲೀಸನ್. ಸ್ವರಲಿಪಿ ಓದಲು ಬಾರದ ಅವರು 1952ರಲ್ಲಿ 'ಮ್ಯೂಸಿಕ್ ಫಾರ್ ಲವರ್ಸ್ ಓನ್ಲಿ' ಎಂಬ ಎಲ್‌ಪಿಯನ್ನು ತಂದರು. ಅದು ಅಪಾರವಾಗಿ ಮಾರಾಟವಾಯಿತು. ಮೆಲಕ್ರೀನೋ ಸ್ಟ್ರಿಂಗ್ಸ್ ಎಂಬ ತಂತಿವಾದ್ಯ ಮೇಳವು ಆರ್‌ಸಿಎ ವಿಕ್ಟರ್ ಮೂಲಕ ಊಟದ ಹೊತ್ತಿನ ಸಂಗೀತ, ಓದುವ ಹೊತ್ತಿನ ಸಂಗೀತ, ನಿದ್ದೆ ಬರಿಸುವ ಸಂಗೀತ ಎಂದು ಸರಣಿಯನ್ನೇ ಹೊರಡಿಸಿತು. ಧೈರ್ಯ ಮತ್ತು ಆತ್ಮವಿಶ್ವಾಸ ತುಂಬುವ ಸಂಗೀತವೂ ಅದರಲ್ಲಿತ್ತು. ಸಂಗೀತಕ್ಕೆ ಇಂಥ ದಿನಬಳಕೆಯ ಕೆಲಸವನ್ನು ಅಷ್ಟು ನೇರವಾಗಿ ಒಪ್ಪಿಸಿದ ಆ ಕಾಲದ ಭರವಸೆ ನನಗೆ ತುಂಬ ಮೆಚ್ಚುಗೆಯಾಗುತ್ತದೆ.

ಈ ಪರಂಪರೆಯ ತುತ್ತತುದಿ ಹರ್ಬ್ ಆಲ್ಪರ್ಟ್ ಮತ್ತು ಟಿಹುವಾನಾ ಬ್ರಾಸ್ ತಂಡದ 1965ರ 'ವಿಪ್ಡ್ ಕ್ರೀಮ್ ಅಂಡ್ ಅದರ್ ಡಿಲೈಟ್ಸ್'. ಹಸಿರು ಹಿನ್ನೆಲೆಯ ಮುಂದೆ, ಎದೆಯವರೆಗೂ ಕಡೆದ ಕೆನೆಯಲ್ಲಿ ಮುಳುಗಿರುವ ಯುವತಿಯೊಬ್ಬಳು ನಮ್ಮನ್ನು ನೆಟ್ಟ ನೋಟದಿಂದ ನೋಡುತ್ತಾಳೆ. ರೂಪದರ್ಶಿ ಡೊಲೊರೆಸ್ ಎರಿಕ್ಸನ್ ಆಗ ಗರ್ಭಿಣಿ. ಸ್ಟುಡಿಯೋ ದೀಪಗಳ ಶಾಖಕ್ಕೆ ನಿಜವಾದ ಕೆನೆ ಕರಗಿ ಇಳಿಯುತ್ತದೆಂದು ಮೈಮೇಲೆ ಹಚ್ಚಿದ್ದು ಬಹುಪಾಲು ಗಡ್ಡ ಬೋಳಿಸುವ ನೊರೆ. ನೆತ್ತಿಯ ಮೇಲಿನದು ಮಾತ್ರ ತಿನ್ನುವ ಕೆನೆ. ಈ ರೆಕಾರ್ಡು ಲಕ್ಷಾಂತರ ಪ್ರತಿಗಳಲ್ಲಿ ಮಾರಾಟವಾಯಿತು. ಮರುವರ್ಷವೇ ಹಾಸ್ಯಗಾರ ಪ್ಯಾಟ್ ಕೂಪರ್ ಮೈತುಂಬ ಸ್ಪಗೆಟಿ ಸುರಿದುಕೊಂಡು ಇದರ ಅಣಕು ಕವರ್ ಮಾಡಿದರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ: ನಗಿಸಲೆಂದೇ ಮಾಡಿದ ಕೂಪರ್ ಕವರ್ ಒಮ್ಮೆ ನಗಿಸಿ ಸುಮ್ಮನಾಗುತ್ತದೆ, ಗಂಭೀರವಾಗಿ ಮೋಡಿ ಮಾಡಹೊರಟ ಎರಿಕ್ಸನ್ ಅವರ ನೋಟ ಇಂದಿಗೂ ಕೆಲಸ ಮಾಡುತ್ತಲೇ ಇದೆ.

ಪ್ರಶ್ನೆ: ನನಗೆ ಈ ಮೆಚ್ಚುಗೆ ಅಷ್ಟಾಗಿ ಸರಿಕಾಣುವುದಿಲ್ಲ. ಹೆಣ್ಣನ್ನು ಅಲಂಕಾರದ ವಸ್ತುವಾಗಿಸಿದ, ಪೂರ್ವದೇಶಗಳ ಮತ್ತು ದ್ವೀಪಗಳ ಜನರನ್ನು ವೇಷದ ಮಟ್ಟಕ್ಕೆ ಇಳಿಸಿದ ಚಿತ್ರಗಳನ್ನು 'ಬೆಡಗು' ಎಂದು ಕರೆದು ಸಂಭ್ರಮಿಸುವುದು ತಪ್ಪಲ್ಲವೇ?

ಉತ್ತರ: ನಿಮ್ಮ ಆಕ್ಷೇಪ ನ್ಯಾಯವಾದದ್ದು. ಗಂಡನನ್ನು ಮೆಚ್ಚಿಸಲು ಹೆಂಡತಿಗೆ ಹೊಟ್ಟೆನೃತ್ಯ ಕಲಿಸುವ ರೆಕಾರ್ಡುಗಳು ಅರವತ್ತರ ದಶಕದ ಅಮೆರಿಕದಲ್ಲಿ ಬಂದಿವೆ. ಅವುಗಳ ಕವರ್ ನೋಡಿ ನಗುವಾಗ ಆ ಕಾಲದ ಹೆಂಗಸರ ಮೇಲಿದ್ದ ಒತ್ತಡವನ್ನು ಮರೆಯುವುದು ಸರಿಯಲ್ಲ.

ದೂರದೇಶಗಳ ವಿಷಯವೂ ಹಾಗೆಯೇ. ಹವಾಯಿಯಲ್ಲಿ ನೆಲೆಸಿದ್ದ ಪಿಯಾನೋ ವಾದಕ ಮಾರ್ಟಿನ್ ಡೆನಿ ಅವರ 1957ರ 'ಎಕ್ಸೋಟಿಕಾ' ರೆಕಾರ್ಡಿನಲ್ಲಿ ಪಿಯಾನೋ, ವೈಬ್ರಫೋನ್‌ಗಳ ಜೊತೆಗೆ ವಾದ್ಯಗಾರರೇ ಬಾಯಲ್ಲಿ ಮಾಡಿದ ಹಕ್ಕಿಗಳ ಕೂಗು ಕೇಳಿಸುತ್ತದೆ. ಕವರ್ ಮೇಲೆ ಪರದೆಯ ಎಳೆಗಳ ನಡುವಿನಿಂದ ಇಣುಕುವ ಮುಖ ಸ್ಯಾಂಡಿ ವಾರ್ನರ್ ಎಂಬ ಅಮೆರಿಕದ ರೂಪದರ್ಶಿಯದು. ಡೆನಿ ಅವರ ಮುಂದಿನ ಹಲವು ರೆಕಾರ್ಡುಗಳಲ್ಲಿ, ಆಯಾ ರೆಕಾರ್ಡಿನ ಹೆಸರಿಗೆ ಹೊಂದುವಂತೆ ಕೇಶವನ್ನೂ ವೇಷವನ್ನೂ ಬದಲಿಸಿಕೊಂಡು ಅವರೇ ಮತ್ತೆ ಮತ್ತೆ ಬರುತ್ತಾರೆ. ಇಡೀ ಜಗತ್ತಿನ ಹೆಣ್ಣುಗಳಿಗೆಲ್ಲ ಒಬ್ಬಳೇ ಪ್ರತಿನಿಧಿ! ಅಲ್ಲಿ ತೋರಿಸಿದ ದ್ವೀಪ ಯಾವ ಭೂಪಟದಲ್ಲಿಯೂ ಇಲ್ಲ. ಅದು ಅಮೆರಿಕದ ಉಪನಗರವೊಂದರ ನಡುಮನೆಯಲ್ಲಿ ಕೂತವರ ಹಗಲುಗನಸು.

ಆದರೆ ಈ ವೇಷಗಳ ಹಿಂದೆ ಕೆಲವೊಮ್ಮೆ ಬೇರೆಯೇ ಕಥೆ ಇರುತ್ತದೆ. ಕೋರ್ಲಾ ಪಂಡಿತ್ ಎಂಬ ಆರ್ಗನ್ ವಾದಕರನ್ನು ನೋಡಿ. ರತ್ನ ಸಿಕ್ಕಿಸಿದ ಪೇಟ, ತೀಕ್ಷ್ಣವಾದ ಕಣ್ಣುಗಳು. ತಂದೆ ದೆಹಲಿಯ ಬ್ರಾಹ್ಮಣ, ತಾಯಿ ಫ್ರೆಂಚ್ ಗಾಯಕಿ ಎಂಬ ಪರಿಚಯ. ಲಾಸ್ ಏಂಜಲೀಸ್‌ನ ದೂರದರ್ಶನದಲ್ಲಿ 1949ರಿಂದ ಅವರ ಕಾರ್ಯಕ್ರಮ ಬರತೊಡಗಿತು. ಅದರಲ್ಲಿ ಅವರು ಒಂದು ಮಾತನ್ನೂ ಆಡದೆ ಕ್ಯಾಮೆರಾವನ್ನೇ ದಿಟ್ಟಿಸುತ್ತ ನುಡಿಸುತ್ತಿದ್ದರು. ರೆಕಾರ್ಡುಗಳ ಕವರ್ ಮೇಲೆಯೂ ಅದೇ ಪೇಟ, ಅದೇ ನೋಟ. ಅವರು 1998ರಲ್ಲಿ ತೀರಿಕೊಂಡರು. ಅವರ ನಿಜವಾದ ಹೆಸರು ಜಾನ್ ರೋಲಂಡ್ ರೆಡ್, ಹುಟ್ಟಿದ್ದು ಮಿಸೌರಿ ರಾಜ್ಯದಲ್ಲಿ, ಅವರು ಆಫ್ರಿಕನ್-ಅಮೆರಿಕನ್ ಕುಟುಂಬದ ಮಗ ಎಂಬುದು 2001ರಲ್ಲಿ ಪತ್ರಿಕಾ ಲೇಖನವೊಂದರಿಂದ ಬಹಿರಂಗವಾಯಿತು. ಕಪ್ಪು ವರ್ಣದ ಸಂಗೀತಗಾರನಿಗೆ ಮುಚ್ಚಿದ್ದ ಬಾಗಿಲುಗಳು ಕಲ್ಪಿತ ಭಾರತೀಯನಿಗೆ ತೆರೆದಿದ್ದವು. ಇದನ್ನು ತಿಳಿದ ಮೇಲೆ ಆ ಪೇಟವನ್ನು ನೋಡಿ ಹಗುರವಾಗಿ ನಗಲು ನನಗೆ ಸಾಧ್ಯವಾಗಿಲ್ಲ. ಆದರೆ ಆ ಕವರ್‌ಗಳ ಆಕರ್ಷಣೆ ಕಡಿಮೆಯಾಗುವ ಬದಲು ಹೆಚ್ಚಿದೆ. ಇಂಥವನ್ನು ಕಣ್ಮರೆ ಮಾಡುವುದಕ್ಕಿಂತ, ಯಾರು, ಯಾರಿಗಾಗಿ, ಯಾಕೆ ಹೀಗೆ ಕಾಣಿಸಿಕೊಂಡರು ಎಂದು ಕೇಳುತ್ತ ನೋಡುವುದೇ ಸರಿಯೆಂದು ನನ್ನ ನಿಲುವು.

ಪ್ರಶ್ನೆ: ಕವರ್ ಇಷ್ಟು ಅತಿಯಾಗಿದ್ದರೆ ಒಳಗಿನ ಸಂಗೀತವೂ ಹಾಗೆಯೇ ಇರುತ್ತದೆಯೇ?

ಉತ್ತರ: ಹಾಗೆಂದು ನಿಯಮವಿಲ್ಲ. ಪೆರು ದೇಶದ ಗಾಯಕಿ ಯಿಮಾ ಸುಮಾಕ್ ಅವರನ್ನು ಕಂಪನಿಯು ಇಂಕಾ ರಾಜವಂಶದ ಕುಮಾರಿ ಎಂದು ಪ್ರಚಾರ ಮಾಡಿ, ಅದಕ್ಕೆ ತಕ್ಕಂತೆ ಸಿಂಗರಿಸಿ ಕವರ್ ಮೇಲೆ ಕೂರಿಸಿತು. ಆದರೆ ನಾಲ್ಕು ಸಪ್ತಕಗಳನ್ನೂ ಮೀರಿ ಹರಿಯುವ ಆ ಕಂಠದ ಮುಂದೆ ಕವರ್‌ನ ಉತ್ಪ್ರೇಕ್ಷೆಯೂ ಸಪ್ಪೆಯೆನ್ನಿಸುತ್ತದೆ. ಇದಕ್ಕೆ ವಿರುದ್ಧವಾದ ನಿದರ್ಶನವೂ ಇದೆ. ಬ್ರಿಟನ್ನಿನ ಹಾಲ್‌ಮಾರ್ಕ್ ಸಂಸ್ಥೆ 1968ರಿಂದ 1985ರವರೆಗೆ ತಂದ 'ಟಾಪ್ ಆಫ್ ದ ಪಾಪ್ಸ್' ಸರಣಿಯ ಅಗ್ಗದ ಎಲ್‌ಪಿಗಳಲ್ಲಿ ಆಗಿನ ಜನಪ್ರಿಯ ಹಾಡುಗಳನ್ನು ಹೆಸರಿಲ್ಲದ ಸ್ಟುಡಿಯೋ ಗಾಯಕರು ಅನುಕರಿಸಿ ಹಾಡಿದ್ದರು. ಮೂಲಗಾಯಕರ ಚಿತ್ರ ಹಾಕಲು ಬರುವುದಿಲ್ಲವಾದ್ದರಿಂದ ಪ್ರತಿ ಕವರ್ ಮೇಲೂ ಆಗಿನ ಫ್ಯಾಷನ್ನಿನ ಉಡುಪಿನಲ್ಲಿ ನಗುವ ಒಬ್ಬ ಯುವತಿ. ಸಂಗೀತ ಸಾಧಾರಣ. ಹಾಗಿದ್ದೂ 1971ರಲ್ಲಿ ಈ ಸರಣಿಯ ರೆಕಾರ್ಡು ಬ್ರಿಟಿಷ್ ಮಾರಾಟಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ಪ್ರಶ್ನೆ: ದೊಡ್ಡ ಕಂಪನಿಗಳದಲ್ಲದೆ, ಚರ್ಚಿನ ಹಾಡುಗಾರ ಕುಟುಂಬಗಳು, ಮಾತನಾಡುವ ಗೊಂಬೆಯವರು ಮುಂತಾದವರ ವಿಚಿತ್ರ ಕವರ್‌ಗಳು ಕಾಣಸಿಗುತ್ತವೆ. ಇವನ್ನು ಯಾರು ಪ್ರಕಟಿಸುತ್ತಿದ್ದರು?

ಉತ್ತರ: ಬಹಳ ಮಟ್ಟಿಗೆ ಅವರೇ. ಹಣ ಕೊಟ್ಟವರಿಗೆ ಕೆಲವು ನೂರು ಪ್ರತಿಗಳನ್ನು ಅಚ್ಚು ಹಾಕಿಕೊಡುವ ಏರ್ಪಾಡು ಅಮೆರಿಕದಲ್ಲಿತ್ತು. ಊರೂರು ಸುತ್ತುವ ಭಕ್ತಿಗಾಯಕರು, ಶಾಲೆಯ ವಾದ್ಯಮೇಳಗಳು, ಹೋಟೆಲಿನಲ್ಲಿ ಆರ್ಗನ್ ನುಡಿಸುವವರು ಹೀಗೆ ಅಚ್ಚು ಹಾಕಿಸಿ, ಕಾರ್ಯಕ್ರಮ ಮುಗಿದ ಮೇಲೆ ಸಭಾಂಗಣದ ಬಾಗಿಲಲ್ಲೇ ಮಾರುತ್ತಿದ್ದರು. ಸ್ವಂತ ಚಿತ್ರಕ್ಕೆ ಹಣ ಸಾಲದವರು ಸೂರ್ಯಾಸ್ತ, ಬೆಟ್ಟ, ಹೂವಿನಂಥ ಸಿದ್ಧ ಚಿತ್ರದ ಕವರ್ ಆರಿಸಿಕೊಂಡು ಖಾಲಿ ಜಾಗದಲ್ಲಿ ಹೆಸರು ಮುದ್ರಿಸಿಕೊಳ್ಳಬಹುದಿತ್ತು.

ಇಡೀ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಈ ವಿಭಾಗ. ಒಂದೇ ತಾನಿನ ಬಟ್ಟೆಯಲ್ಲಿ ಹೊಲಿಸಿದ ಉಡುಪು ತೊಟ್ಟ ಅಕ್ಕತಂಗಿಯರು, ಗೋಪುರದಂತೆ ಎತ್ತರಿಸಿ ಕಟ್ಟಿದ ಅವರ ಕೂದಲು, ಫೋಟೋ ಸ್ಟುಡಿಯೋದ ನೀಲಿ ಪರದೆ, ಎಲ್ಲಿಡಬೇಕೆಂದು ತಿಳಿಯದೆ ಮುಂದೆ ಜೋಡಿಸಿಕೊಂಡ ಕೈಗಳು. ಕಲಾನಿರ್ದೇಶಕರಿಲ್ಲ, ಬೇಡವೆನ್ನುವವರಿಲ್ಲ, ತಾವು ಹೇಗೆ ಕಾಣಬೇಕೆಂದು ಬಯಸಿದರೋ ಹಾಗೆಯೇ ಕಾಣಿಸಿಕೊಂಡಿದ್ದಾರೆ. ಲಿಟಲ್ ಮಾರ್ಸಿ ಎಂಬ ಗೊಂಬೆಯ ರೆಕಾರ್ಡುಗಳೂ ಇದೇ ಭಾವದವು. ಮಾರ್ಸಿ ಟಿಗ್ನರ್ ಎಂಬ ಕಲಾವಿದೆ ಮಗುವಿನ ದನಿಯಲ್ಲಿ ಆ ಗೊಂಬೆಯಿಂದ ಮಕ್ಕಳ ಭಕ್ತಿಗೀತೆ ಹಾಡಿಸುತ್ತಿದ್ದರು. ಕವರ್ ಮೇಲೆ ಅಗಲ ಕಣ್ಣು ತೆರೆದು ನಗುವ ಆ ಗೊಂಬೆಯನ್ನು ನೋಡಿ ಇಂದಿನವರು ಬೆಚ್ಚಿಬೀಳಬಹುದು. ಆ ಹಾಡುಗಳನ್ನು ಕೇಳುತ್ತ ಬೆಳೆದ ಮಕ್ಕಳಿಗೆ ಆಕೆ ಗೆಳತಿಯಾಗಿದ್ದಳು.

ಪ್ರಶ್ನೆ: ಈಗೇಕೆ ಇಂಥ ಕವರ್‌ಗಳು ಬರುವುದಿಲ್ಲ?

ಉತ್ತರ: ಅರವತ್ತರ ದಶಕದ ಉತ್ತರಾರ್ಧದಲ್ಲಿ ಕವರ್ ಹೇಗಿರಬೇಕೆಂದು ನಿರ್ಧರಿಸುವ ಅಧಿಕಾರ ಮಾರಾಟ ವಿಭಾಗದ ಕೈಯಿಂದ ಕಲಾವಿದರ ಕೈಗೆ ಸರಿಯಿತು. ಬೀಟಲ್ಸ್ ತಂಡದ 'ಸಾರ್ಜೆಂಟ್ ಪೆಪರ್ಸ್' ರೆಕಾರ್ಡಿಗೆ 1967ರಲ್ಲಿ ಪೀಟರ್ ಬ್ಲೇಕ್ ಮತ್ತು ಜಾನ್ ಹಾವರ್ತ್ ಎಂಬ ಚಿತ್ರಕಲಾವಿದರು ಕವರ್ ರೂಪಿಸಿದರು. ಮರುವರ್ಷ ಲಂಡನ್ನಿನಲ್ಲಿ ಕವರ್ ವಿನ್ಯಾಸಕ್ಕೇ ಹೆಸರಾದ ಹಿಪ್ನೋಸಿಸ್ ಸಂಸ್ಥೆ ಹುಟ್ಟಿತು. ಕವರ್ ಬುದ್ಧಿವಂತವಾಯಿತು, ತನ್ನನ್ನು ತಾನು ನೋಡಿಕೊಳ್ಳಲು ಕಲಿಯಿತು. ಆಮೇಲೆ 1982ರಲ್ಲಿ ಸಿ.ಡಿ. ಬಂತು. ಎಲ್‌ಪಿಯ ಕವರ್ ಸುಮಾರು 960 ಚದರ ಸೆಂಟಿಮೀಟರ್, ಸಿ.ಡಿ.ಯದು 144ರ ಆಸುಪಾಸು. ಅಷ್ಟು ಕಿರಿದಾದ ಜಾಗದಲ್ಲಿ ಹನ್ನೆರಡು ಅಡಿಯ ಸೈತಾನನನ್ನು ನಿಲ್ಲಿಸಿ ಪ್ರಯೋಜನವಿಲ್ಲ. ತೊಂಬತ್ತರ ದಶಕದಲ್ಲಿ ಹಳೆಯ ಸೋಫಾ-ಸಂಜೆಯ ಸಂಗೀತಕ್ಕೆ ಮತ್ತೆ ಬೇಡಿಕೆ ಬಂದು, ಕ್ಯಾಪಿಟಲ್ ಕಂಪನಿ 1996ರಿಂದ 'ಅಲ್ಟ್ರಾ-ಲೌಂಜ್' ಹೆಸರಿನಲ್ಲಿ ಅದನ್ನು ಸಿ.ಡಿ.ಗಳಲ್ಲಿ ಹೊರತಂದಿತು. ಅಲ್ಲಿಂದೀಚೆಗೆ ಹಳೆಯ ಶೈಲಿಯನ್ನು ಅನುಕರಿಸುವ ಕವರ್‌ಗಳು ಬರುತ್ತಲೇ ಇವೆ. ಅಕ್ಷರ, ಬಣ್ಣ, ಮಾಸಿದ ಅಂಚು ಎಲ್ಲವೂ ಸರಿಯಾಗಿರುತ್ತವೆ. ಆದರೆ ಮಾಡುವವರಿಗೆ ಅದರಲ್ಲಿ ನಂಬಿಕೆಯಿಲ್ಲ. ನಂಬಿಕೆಯನ್ನು ನಕಲು ಮಾಡುವ ವಿಧಾನ ಇನ್ನೂ ಯಾರಿಗೂ ಸಿಕ್ಕಿಲ್ಲ.

ಪ್ರಶ್ನೆ: ಕವರ್‌ಗಾಗಿಯೇ ಹಳೆಯ ಎಲ್‌ಪಿಗಳನ್ನು ಸಂಗ್ರಹಿಸತೊಡಗಿದ್ದೇನೆ. ಕೊಳ್ಳುವಾಗ ಏನನ್ನು ಗಮನಿಸಬೇಕು, ಹೇಗೆ ಕಾಪಾಡಬೇಕು? ಮೇಲೆ ಅಂಟಿಸಿರುವ ಚೀಟಿಗಳನ್ನು ಕಿತ್ತುಹಾಕಬಹುದೇ?

ಉತ್ತರ: ಕವರ್ ನಡುವೆ ದೊಡ್ಡ ವೃತ್ತಾಕಾರದ ಸವೆತ ಕಂಡರೆ, ಅದು ಒತ್ತಾಗಿ ಜೋಡಿಸಿಟ್ಟಾಗ ಒಳಗಿನ ತಟ್ಟೆಯ ಅಂಚು ಉಜ್ಜಿ ಆದದ್ದು, ಅದಕ್ಕೆ ಪರಿಹಾರವಿಲ್ಲ. ಮೂಲೆ ಕತ್ತರಿಸಿದ್ದರೆ ಅಥವಾ ಸಣ್ಣ ತೂತು ಕೊರೆದಿದ್ದರೆ ಗಾಬರಿ ಬೇಡ. ಮಾರಾಟವಾಗದೆ ಉಳಿದ ಪ್ರತಿಗಳನ್ನು ಅಗ್ಗಕ್ಕೆ ಬಿಡುವಾಗ ಕಂಪನಿಗಳೇ ಹಾಗೆ ಗುರುತು ಮಾಡುತ್ತಿದ್ದವು. ಅರವತ್ತರ ದಶಕದ ಬ್ರಿಟಿಷ್ ಕವರ್‌ಗಳಲ್ಲಿ ಮುಂಭಾಗಕ್ಕೆ ಹೊಳೆಯುವ ಪದರ ಹಚ್ಚಿ, ಅದರ ಅಂಚುಗಳನ್ನು ಹಿಂದಕ್ಕೆ ಮಡಚಿ ಅಂಟಿಸಿರುತ್ತಾರೆ. ಮೊದಲು ಬಿಡುವುದು ಆ ಮಡಿಕೆಗಳ ಅಂಟು. ಕೊಳ್ಳುವ ಮುನ್ನ ಕೈಯಾಡಿಸಿ ನೋಡಿ.

ರೆಕಾರ್ಡುಗಳನ್ನು ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿಡಿ. ಬಿಸಿಲು, ಶಾಖ, ತೇವ ಮೂರೂ ತಾಗಬಾರದು. ಹೊರಗವಸಿಗೆ ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್ ಚೀಲಗಳು ಒಳ್ಳೆಯವು. ದಪ್ಪವಾಗಿ ಹೊಳೆಯುವ ಪಿವಿಸಿ ಚೀಲಗಳನ್ನು ದೂರವಿಡಿ, ಅವು ಬಿಡುವ ರಾಸಾಯನಿಕ ಕಾಲಕ್ರಮದಲ್ಲಿ ಕವರ್‌ಗೂ ತಟ್ಟೆಗೂ ಹಾನಿ ಮಾಡುತ್ತದೆ. ಧೂಳನ್ನು ಒಣ ಮೃದು ಬಟ್ಟೆಯಿಂದ ಮಾತ್ರ ಒರೆಸಿ.

ಬೆಲೆಚೀಟಿಯನ್ನು, ಹೊಳೆಯುವ ಪದರವಿರುವ ಕವರ್ ಆದರೆ, ಹದವಾಗಿ ಬಿಸಿ ಗಾಳಿ ತಾಗಿಸಿ ನಿಧಾನವಾಗಿ ಬಿಡಿಸಬಹುದು. ಬರಿಯ ಕಾಗದವಾದರೆ ಬಿಡಿಸಲು ಹೋಗಬೇಡಿ, ಮುದ್ರಣವೂ ಜೊತೆಗೆ ಕಿತ್ತುಬರುತ್ತದೆ. ಪೂರ್ತಿ ಚಿತ್ರವನ್ನೇ ಅಂಟಿಸಿದ ಕವರ್‌ಗಳ ಮಾತು ಬೇರೆ. ಬೀಟಲ್ಸ್ ತಂಡದ 'ಯೆಸ್ಟರ್‌ಡೇ ಅಂಡ್ ಟುಡೇ' ರೆಕಾರ್ಡು 1966ರಲ್ಲಿ ಅಮೆರಿಕದಲ್ಲಿ ಬಂದಾಗ, ಕಟುಕರ ಬಿಳಿ ನಿಲುವಂಗಿ ತೊಟ್ಟು, ಮಾಂಸದ ತುಂಡುಗಳನ್ನೂ ಮುರಿದ ಗೊಂಬೆಗಳನ್ನೂ ಹಿಡಿದು ಕೂತ ಗಾಯಕರ ಚಿತ್ರ ಅದರ ಮೇಲಿತ್ತು. ಆಕ್ಷೇಪ ಬಂದೊಡನೆ ಕ್ಯಾಪಿಟಲ್ ಕಂಪನಿ ಪ್ರತಿಗಳನ್ನು ಹಿಂದಕ್ಕೆ ತರಿಸಿ, ದೊಡ್ಡ ಪೆಟ್ಟಿಗೆಯೊಂದರ ಸುತ್ತ ನಾಲ್ವರೂ ಇರುವ ಹೊಸ ಚಿತ್ರವನ್ನು ಹಲವು ಪ್ರತಿಗಳ ಮೇಲೆ ಅಂಟಿಸಿತು. ಸುದ್ದಿ ತಿಳಿದವರು ಹಬೆ ಹಿಡಿದು ಮೇಲಿನ ಚಿತ್ರವನ್ನು ಬಿಡಿಸಹೋಗಿ ಎಷ್ಟೋ ಕವರ್‌ಗಳನ್ನು ಹಾಳುಮಾಡಿದರು. ಈ ರೆಕಾರ್ಡು ಕೈಗೆ ಬಂದರೆ, ಚಿತ್ರದ ಬಲಬದಿಯ ಬಿಳಿ ಜಾಗವನ್ನು ಒಳ್ಳೆಯ ಬೆಳಕಿನಲ್ಲಿ ಪರೀಕ್ಷಿಸಿ. ಅಲ್ಲಿ ಕಪ್ಪಗಿನ ತ್ರಿಕೋನವೊಂದು ಮಸುಕಾಗಿ ಕಂಡರೆ, ಅದು ಅಡಿಯ ಚಿತ್ರದಲ್ಲಿ ರಿಂಗೋ ಸ್ಟಾರ್ ಅವರ ನಿಲುವಂಗಿಯ ಕೊರಳಿನಿಂದ ಇಣುಕುವ ಕಪ್ಪು ಸ್ವೆಟರ್. ಅಂಥ ಪ್ರತಿಯನ್ನು ನೀವಾಗಿ ಬಿಡಿಸಲು ಹೋಗಬೇಡಿ. ಅರೆಬರೆ ಕಿತ್ತ ಪ್ರತಿಗಿಂತ ಅಂಟಿಸಿದ ಚಿತ್ರ ಹಾಗೆಯೇ ಉಳಿದಿರುವ ಪ್ರತಿಗೆ ಸಂಗ್ರಾಹಕರು ಹೆಚ್ಚು ಬೆಲೆ ಕೊಡುತ್ತಾರೆ.